ಎಸಿ ರಿಪೇರಿಗೆ ಹೋದವರು ಮೊದಲು ರಿಮೋಟ್ ನೋಡಿ
ನಾನು ಕಲಬುರಗಿಯಲ್ಲಿ ಎಸಿ ಸರ್ವಿಸ್ ಮಾಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬರುವ ಫೋನುಗಳಲ್ಲಿ ಒಂದೇ ಮಾತು: "ಗಾಳಿ ಬರ್ತದ, ತಂಪೇ ಆಗವಲ್ದು ನೋಡ್ರಿ. ಗ್ಯಾಸ್ ಖಾಲಿ ಆಗ್ಯದೇನು?" ಹೊಸದಾಗಿ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಹೇಳುವುದೂ ಒಂದೇ. ಏಣಿ ಹಾಕುವ ಮುಂಚೆ, ಗ್ಯಾಸ್ ಒತ್ತಡ ಅಳೆಯುವ ಗೇಜ್ ಜೋಡಿಸುವ ಮುಂಚೆ, ರಿಮೋಟ್ ಇಸ್ಕೊಂಡು ನೋಡಿ.

ಎಷ್ಟೋ ಮನೆಗಳಲ್ಲಿ ಅದು ಫ್ಯಾನ್ ಮೋಡ್‌ನಲ್ಲಿ ಇರುತ್ತದೆ. ಮಕ್ಕಳು ಆಡುತ್ತಾ ಮೋಡ್ ಬಟನ್ ಒತ್ತಿರುತ್ತಾರೆ. ಈ ಮೋಡ್‌ನಲ್ಲಿ ಹೊರಗಿನ ಕಂಪ್ರೆಸರ್, ಅಂದರೆ ಗ್ಯಾಸ್ ಒತ್ತಿ ತಂಪು ಮಾಡಿಸುವ ಯಂತ್ರ, ಓಡುವುದೇ ಇಲ್ಲ, ಬರೀ ಗಾಳಿ ಬರುತ್ತದೆ. ನೀರಿನ ಹನಿಯ ಚಿತ್ರ ಇದ್ದರೆ ಡ್ರೈ ಮೋಡ್. ಮಂಗಳೂರಿನ ಮಳೆಗಾಲದ ಜಿಗುಟಿಗೆ ಅದು ಚೆನ್ನಾಗಿದೆ, ನಮ್ಮ ಒಣ ಬಿಸಿಲಿಗೆ ಸಾಲದು. ನಮಗೆ ಬೇಕಾದದ್ದು ಹಿಮದ ಹರಳಿನ ಚಿತ್ರ, ಅಂದರೆ ಕೂಲ್. ಅದಕ್ಕೆ ಬದಲಿಸಿದ ಮೇಲೆ ಸ್ವಲ್ಪ ಕಾಯಬೇಕು. ಕಂಪ್ರೆಸರ್ ಕೆಡದಿರಲಿ ಎಂದು ಸುಮಾರು 3 ನಿಮಿಷ ತಡೆದು ಶುರುವಾಗುವ ಏರ್ಪಾಡು ಅದರಲ್ಲಿದೆ. ಆ ಹೊತ್ತಿನಲ್ಲೇ ಜನ ಗಾಬರಿಯಾಗಿ ಮತ್ತೆ ಮತ್ತೆ ಬಟನ್ ಒತ್ತುತ್ತಾರೆ.

ಇನ್ನೊಂದು ವಿಷಯ ಸರಿಯಾಗಿ ತಿಳಿದಿರಬೇಕು. ಟಿವಿ ರಿಮೋಟ್ ಒತ್ತಿದ ಬಟನ್ ಯಾವುದೋ ಅದನ್ನಷ್ಟೇ ಕಳಿಸುತ್ತದೆ. ಎಸಿ ರಿಮೋಟ್ ಸಾಮಾನ್ಯವಾಗಿ ಪ್ರತಿ ಸಲವೂ ಮೋಡ್, ಡಿಗ್ರಿ, ಫ್ಯಾನ್ ಸ್ಪೀಡ್ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಆದರೆ ಎಸಿಯಿಂದ ಅದಕ್ಕೆ ಏನೂ ವಾಪಸ್ ಬರುವುದಿಲ್ಲ. ರಿಮೋಟ್ ಬೇರೆ ಕಡೆ ತಿರುಗಿದ್ದಾಗ ಒತ್ತಿದರೆ ಅದರಲ್ಲಿ 24 ಕಾಣುತ್ತದೆ, ಎಸಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಹಾಗಾಗಿ ಪರದೆ ನಂಬಬೇಡಿ, ಬೀಪ್ ಕೇಳಿಸಿಕೊಳ್ಳಿ. ಬೀಪ್ ಬರದಿದ್ದರೆ ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ಮುಂದೆ ರಿಮೋಟ್ ಹಿಡಿದು ಬಟನ್ ಒತ್ತಿ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೆಚ್ಚಿನ ಫೋನ್‌ಗಳಲ್ಲಿ ಮಿನುಗಿ ಕಾಣುತ್ತದೆ. ಕಾಣಲಿಲ್ಲವಾದರೆ ಮೊದಲು ರಿಮೋಟಿನ ಸೆಲ್ ಬದಲಿಸಿ.

ಬೇಗ ತಂಪಾಗಲಿ ಎಂದು 16ಕ್ಕೆ ಇಡುವವರು ತುಂಬಾ ಜನ. ಇನ್ವರ್ಟರ್ ಎಸಿಯ ಕಂಪ್ರೆಸರ್ ಬೇಕಾದಂತೆ ವೇಗ ಬದಲಿಸಿಕೊಳ್ಳುತ್ತದೆ, ಇನ್ವರ್ಟರ್ ಅಲ್ಲದ ಎಸಿಯ ಕಂಪ್ರೆಸರ್ ಓಡುವುದು ಒಂದೇ ವೇಗದಲ್ಲಿ. 16 ಇಟ್ಟರೆ ಅದು ನಿಲ್ಲದೆ ಓಡುತ್ತದೆ ಅಷ್ಟೇ, ಬಿಲ್ ಏರುತ್ತದೆ. ಸ್ಟಾರ್ ಲೇಬಲ್ ಇರುವ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕು ಎಂದು 2020ರ ಜನವರಿಯಿಂದ ಸರ್ಕಾರದ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಎನ್ನುತ್ತದೆ ಇಂಧನ ದಕ್ಷತಾ ಬ್ಯೂರೋ. 24ಕ್ಕೆ ಇಟ್ಟು, ಜೊತೆಗೆ ಸೀಲಿಂಗ್ ಫ್ಯಾನ್ ಹಾಕಿಕೊಳ್ಳಲು ಹೇಳಿ.

ಎಲ್ಲ ಸರಿಮಾಡಿ ನೀವೇ ಬಟನ್ ಒತ್ತಿ ಹೊರಟುಬಿಡಬೇಡಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿ ಇಬ್ಬರೇ. ಮಕ್ಕಳು ಬೆಂಗಳೂರಲ್ಲೋ ಹೈದರಾಬಾದಲ್ಲೋ ಇರುತ್ತಾರೆ. ರಿಮೋಟ್ ಅವರ ಕೈಗೇ ಕೊಟ್ಟು, "ಅಮ್ಮಾ, ಈಗ ನೀವು ಒತ್ರಿ" ಎನ್ನಿ. ಬೇಕಾದ ಎರಡು ಮೂರು ಬಟನ್ ಸಾಕು. ಬಿಸಿಲಲ್ಲಿ ಎಸಿ ಹಾಕಲು ಬಾರದೆ ಒಬ್ಬ ಮುದುಕರು ಸೆಕೆಯಲ್ಲಿ ಕೂತಿರುವುದು ನನಗೆ ನೋಡಲಾಗುವುದಿಲ್ಲ. ರಿಮೋಟ್ ಕಳೆದರೂ ಕೆಟ್ಟರೂ ಎಸಿ ಹಾಕಬಹುದು. ಬಹುತೇಕ ಎಸಿಗಳಲ್ಲಿ ಒಳಗಿನ ಯೂನಿಟ್ಟಿನ ಮುಚ್ಚಳ ಎತ್ತಿದರೆ ಸಣ್ಣ ಬಟನ್ ಒಂದಿದೆ. ಅದನ್ನು ಅಕ್ಕಪಕ್ಕದ ಮನೆಯವರು ಯಾರಿಗಾದರೂ ತೋರಿಸಿ ಬನ್ನಿ, ಅಜ್ಜಿಯನ್ನು ಸ್ಟೂಲ್ ಹತ್ತಿಸಬೇಡಿ.