‘ನೋ ಗ್ರೋತ್’ ಎಂದು ಬರೆದ ಮೇಲೂ ಬಿಡದ ಜ್ವರ

ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆಯ ವರದಿ ಕೈಗೆ ಬಂದಾಗ ಹೆಚ್ಚಿನವರು ಓದುವುದು ಕೊನೆಯ ಸಾಲನ್ನು ಮಾತ್ರ. ಅಲ್ಲಿ ‘ನೋ ಗ್ರೋತ್’ ಎಂದಿದ್ದರೆ ಕೆಲವರಿಗೆ ಸಮಾಧಾನ, ಕೆಲವರಿಗೆ ಸಿಟ್ಟು. “ಇಷ್ಟು ದುಡ್ಡು ತೆಗೆದುಕೊಂಡು ಏನೂ ಇಲ್ಲ ಎಂದು ಬರೆದುಕೊಟ್ಟಿದ್ದೀರಲ್ಲ ಮೇಡಂ, ಹಾಗಾದರೆ ಜ್ವರ ಯಾಕೆ ಬಿಡುತ್ತಿಲ್ಲ?” ಮಲೆನಾಡಿನ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿರುವ ನನಗೆ ಮಳೆಗಾಲ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಕೇಳುವವರದ್ದು ತಪ್ಪಲ್ಲ. ಆದರೆ ನಾವು ಏನೂ ಇಲ್ಲ ಎಂದು ಬರೆದಿಲ್ಲ. ನಾವು ಕೊಟ್ಟ ಆಹಾರದಲ್ಲಿ, ನಾವು ಇಟ್ಟ ಶಾಖದಲ್ಲಿ, ನಾವು ಕಾದ ಅವಧಿಯಲ್ಲಿ ಯಾವುದೂ ಬೆಳೆಯಲಿಲ್ಲ ಎಂದಷ್ಟೇ ಬರೆದಿದ್ದೇವೆ. ಪಠ್ಯಪುಸ್ತಕದಲ್ಲಿ ಕೋಶ, ವೈರಸ್, ಜೀನ್ ಎಂದು ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದ್ದೆಲ್ಲ ಈ ಒಂದು ಸಾಲಿನಲ್ಲಿ ಬಂದು ಸೇರುತ್ತದೆ. ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿ ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ನಾನು ಪಾಠ ಶುರುಮಾಡುವುದೂ ಇಲ್ಲಿಂದಲೇ.

ಮೊದಲು ಬೆಳೆಯುವುದನ್ನು ತೋರಿಸುತ್ತೇನೆ. ಮೂತ್ರದ ಸ್ಯಾಂಪಲ್ ಬಂದರೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲನ್ನು ಮಾತ್ರ ಹಿಡಿಯುವ ಲೂಪನ್ನು (ಪುಟ್ಟ ಕುಣಿಕೆ) ಅದರಲ್ಲಿ ಅದ್ದಿ, ಬ್ಯಾಕ್ಟೀರಿಯಾದ ಆಹಾರ ಬೆರೆಸಿ ಗಟ್ಟಿಯಾಗಿಸಿದ ಮೆಕಾಂಕಿ ಅಗಾರ್ ಪ್ಲೇಟಿನ ಮೇಲೆ ಗೆರೆ ಎಳೆಯುತ್ತೇವೆ. ರಾತ್ರಿಯಿಡೀ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟ ಪ್ಲೇಟನ್ನು ಬೆಳಿಗ್ಗೆ ಇನ್‌ಕ್ಯುಬೇಟರ್‌ನಿಂದ ತೆಗೆದರೆ, ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಇದ್ದಲ್ಲಿ ಗುಲಾಬಿ ಬಣ್ಣದ ದುಂಡು ಚುಕ್ಕೆಗಳು ಕಾಣುತ್ತವೆ. ಅದು ಪ್ಲೇಟಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಆಮ್ಲವಾಗಿಸುವುದರಿಂದ ಈ ಬಣ್ಣ. ಒಂದೊಂದು ಚುಕ್ಕೆಯೂ ಹೆಚ್ಚುಕಡಿಮೆ ಒಂದೇ ಕೋಶದ ಸಂತಾನ. ಅನುಕೂಲವಿದ್ದರೆ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತದೆ. ಪ್ಲೇಟಿನಲ್ಲಿ ನೂರು ಚುಕ್ಕೆ ಎಣಿಸಿದರೆ ಸ್ಯಾಂಪಲ್ಲಿನ ಒಂದು ಮಿಲಿಲೀಟರಿನಲ್ಲಿ ಒಂದು ಲಕ್ಷ ಎಂದು ಲೆಕ್ಕ. ಮೂತ್ರನಾಳದ ಸೋಂಕು ಎನ್ನಲು ಹಿಂದಿನಿಂದ ಬಳಸಿಕೊಂಡು ಬಂದ ಅಂಕಿಯೂ ಅದೇ ಒಂದು ಲಕ್ಷ. ಬೆಳಿಗ್ಗೆ ಆರಕ್ಕೆ ಬಾಟಲಿಯಲ್ಲಿ ಹಿಡಿದುಕೊಂಡು, ಹತ್ತರ ಬಸ್ಸಿಗೆ ಹೊರಟು, ಸಂತೆ ಮುಗಿಸಿ ಮಧ್ಯಾಹ್ನ ನಮ್ಮ ಕೌಂಟರಿಗೆ ತಂದುಕೊಟ್ಟರೆ ಆ ಲೆಕ್ಕಕ್ಕೆ ಅರ್ಥವಿಲ್ಲ ಎಂದು ಯಾಕೆ ಹೇಳುತ್ತೇವೆ ಎನ್ನುವುದು ಈಗ ಗೊತ್ತಾಗಿರಬೇಕು. ದಾರಿಯುದ್ದಕ್ಕೂ ಅವು ಹೆಚ್ಚುತ್ತಲೇ ಇರುತ್ತವೆ. ಎರಡು ಗಂಟೆಯೊಳಗೆ ತಲುಪಿಸಲು ಆಗದಿದ್ದರೆ ಫ್ರಿಜ್‌ನಲ್ಲಿಡಿ ಎನ್ನುವುದು ಇದಕ್ಕೇ.

ಅಗಾರ್ ವಿಷಯ ಬಂದಿದ್ದರಿಂದ ಒಂದು ಮಾತು. ಜರ್ಮನಿಯಲ್ಲಿ ರಾಬರ್ಟ್ ಕಾಕ್ ಮೊದಲು ಜೆಲಾಟಿನ್ ಮೇಲೆ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ದೇಹದ ಶಾಖಕ್ಕೆ ಇಟ್ಟರೆ ಅದು ಕರಗಿ ನೀರಾಗುತ್ತಿತ್ತು. ಕಡಲಕಳೆಯಿಂದ ತೆಗೆಯುವ ಅಗಾರ್ ಬಳಸಿ ನೋಡಿ ಎಂದು 1881ರಲ್ಲಿ ಸೂಚಿಸಿದವರು ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ. ಆಕೆ ಅಡುಗೆಮನೆಯಲ್ಲಿ ಅದನ್ನು ಬಳಸಿ ಬಲ್ಲವರು. ಒಮ್ಮೆ ಗಟ್ಟಿಯಾದ ಅಗಾರ್ ಕುದಿಯುವ ಹತ್ತಿರ ಹೋಗದೆ ಕರಗುವುದಿಲ್ಲ, ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಅದು ಅರಗುವುದೂ ಇಲ್ಲ. ತಟ್ಟೆ ರೂಪಿಸಿದ ಪೆಟ್ರಿಯ ಹೆಸರು ಇವತ್ತಿಗೂ ತಟ್ಟೆಯ ಜೊತೆಗಿದೆ. ಫ್ಯಾನಿಯ ಹೆಸರನ್ನು ಕಾಕ್ ತಮ್ಮ ಲೇಖನದಲ್ಲಿ ಹೇಳಲೂ ಇಲ್ಲ. ಇದನ್ನು ತರಬೇತಿಗೆ ಬರುವ ಹೆಣ್ಣುಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಪ್ಲೇಟಿನ ಮೇಲೆ ಬೆಳೆಯಬೇಕಾದರೆ ಜೀವಿಯ ಬಳಿ ಕೆಲವು ಸ್ವಂತ ಸಲಕರಣೆಗಳಿರಬೇಕು. ಒಳಗನ್ನು ಹೊರಗಿನಿಂದ ಬೇರ್ಪಡಿಸುವ ಪೊರೆ, ಏನನ್ನು ಕಟ್ಟಬೇಕೆಂದು ಬರೆದಿಟ್ಟ ಡಿಎನ್ಎ, ಬರೆದದ್ದನ್ನು ಓದಿ ಪ್ರೋಟೀನ್ ತಯಾರಿಸುವ ರೈಬೋಸೋಮ್, ಆಹಾರದಿಂದ ಶಕ್ತಿ ಪಡೆಯುವ ವ್ಯವಸ್ಥೆ. ಬ್ಯಾಕ್ಟೀರಿಯಾ ಎಷ್ಟೇ ಸಣ್ಣದಾದರೂ ಒಂದು ಪೂರ್ಣ ಕೋಶ; ಇಷ್ಟೂ ಅದರಲ್ಲಿದೆ. ವೈರಸ್‌ನಲ್ಲಿ ಇರುವುದು ಬರಹ (ಡಿಎನ್ಎ ಅಥವಾ ಅದರಂಥದೇ ಆರ್‌ಎನ್‌ಎ) ಮತ್ತು ಅದರ ಸುತ್ತ ಪ್ರೋಟೀನಿನ ಕವಚ, ಕೆಲವಕ್ಕೆ ಮೇಲೊಂದು ಕೊಬ್ಬಿನ ಹೊದಿಕೆ. ರೈಬೋಸೋಮ್ ಇಲ್ಲ. ಅಗಾರ್ ಮೇಲೆ ಎಷ್ಟು ದಿನ ಇಟ್ಟರೂ ಅದು ಒಂದರಿಂದ ಎರಡಾಗುವುದಿಲ್ಲ. ರೋಗ ತಗುಲಿದ ಹೊಗೆಸೊಪ್ಪಿನ ರಸವನ್ನು ಬ್ಯಾಕ್ಟೀರಿಯಾ ದಾಟದಷ್ಟು ಸೂಕ್ಷ್ಮ ಪಿಂಗಾಣಿ ಜರಡಿಯಲ್ಲಿ ಸೋಸಿದರೂ ಅದು ರೋಗ ಹರಡುತ್ತಲೇ ಇದೆ ಎಂದು ರಷ್ಯಾದ ಇವಾನೋವ್‌ಸ್ಕಿ 1892ರಲ್ಲಿ ತೋರಿಸಿದರು. 1898ರಲ್ಲಿ ಬೈಯರಿಂಕ್, ಇದು ಜೀವಂತ ಕೋಶದ ಒಳಗೆ ಮಾತ್ರ ಹೆಚ್ಚುವ ಬೇರೆಯೇ ವಸ್ತು ಎಂದರು.

ಇಷ್ಟು ಕೇಳಿದ ವಿದ್ಯಾರ್ಥಿಗಳು ತಕ್ಷಣ ಒಂದು ಸೂತ್ರ ಮಾಡಿಕೊಳ್ಳುತ್ತಾರೆ: ಪ್ಲೇಟಿನಲ್ಲಿ ಬೆಳೆದರೆ ಬ್ಯಾಕ್ಟೀರಿಯಾ, ಬೆಳೆಯದಿದ್ದರೆ ವೈರಸ್, ವೈರಸ್ ಆದರೆ ಆಂಟಿಬಯಾಟಿಕ್ ಬೇಡ. ಈ ಸೂತ್ರವನ್ನು ನಂಬಿ ಕುಳಿತರೆ ನಮ್ಮ ಕಡೆ ಜನ ಸಾಯುತ್ತಾರೆ.

ಕಾರಣ ಸ್ಕ್ರಬ್ ಟೈಫಸ್. ಹೊಲದ ಬದು, ಪೊದೆ, ಹುಲ್ಲು ಇರುವಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಗರ್ ನುಸಿಯ ಮರಿ ಕಚ್ಚಿದಾಗ ಓರಿಯೆಂಟಿಯಾ ಸುಟ್ಸುಗಾಮುಶಿ ಎಂಬ ಬ್ಯಾಕ್ಟೀರಿಯಾ ಮೈ ಸೇರುತ್ತದೆ. ಇದು ವೈರಸ್ ಅಲ್ಲ. ಇದಕ್ಕೆ ಪೊರೆ ಇದೆ, ಡಿಎನ್ಎ ಇದೆ, ರೈಬೋಸೋಮೂ ಇದೆ. ಆದರೂ ನಮ್ಮ ಯಾವ ಪ್ಲೇಟಿನಲ್ಲೂ, ಯಾವ ಬಾಟಲಿಯಲ್ಲೂ ಬೆಳೆಯುವುದಿಲ್ಲ. ಮಾವಿನ ಮರಕ್ಕೆ ಹತ್ತುವ ಬಂದಳಿಕೆಗೆ ತನ್ನದೇ ಹಸಿರೆಲೆ ಇದ್ದರೂ ಅದನ್ನು ಕಿತ್ತು ನೆಲದಲ್ಲಿ ನೆಟ್ಟರೆ ಬದುಕುವುದಿಲ್ಲವಲ್ಲ, ಹಾಗೆ. ನಮ್ಮ ಕೋಶದ ಒಳಗಿದ್ದರೆ ಮಾತ್ರ ಇದರ ಸಂಸಾರ.

ಗದ್ದೆ ಕೆಲಸದ ಹೆಂಗಸೊಬ್ಬರು ಒಂದು ವಾರದ ಜ್ವರ ಹೊತ್ತು ದಾಖಲಾಗಿದ್ದರು. ಬೇರೆಡೆ ಸೆಫಲೋಸ್ಪೋರಿನ್ ಎಂಬ ಆಂಟಿಬಯಾಟಿಕ್‌ನ ಚುಚ್ಚುಮದ್ದು ಆಗಿತ್ತು, ಜ್ವರ ಜಗ್ಗಿರಲಿಲ್ಲ. ನಮ್ಮ ಕಲ್ಚರ್ ಬಾಟಲಿಗಳೂ ಖಾಲಿ. ಡೆಂಗ್ಯೂ ಇಲ್ಲ, ಮಲೇರಿಯಾ ಇಲ್ಲ. ವಾರ್ಡಿನ ಸಿಸ್ಟರ್ ಮೈ ಒರೆಸುವಾಗ ಎದೆಯ ಕೆಳಗಿನ ಮಡಿಕೆಯಲ್ಲಿ ಕಪ್ಪು ಹಕ್ಕಳೆ ಕಟ್ಟಿದ ಸಣ್ಣ ಗಾಯ ಕಂಡಿತು. ಬೀಡಿಯಿಂದ ಸುಟ್ಟಂತಿತ್ತು, ಸುತ್ತ ಕೆಂಪು ಅಂಚು. ನೋವಿಲ್ಲದ್ದರಿಂದ ಅವರಿಗೇ ಅದರ ಅರಿವಿರಲಿಲ್ಲ. ಡಾಕ್ಟರ್ ಐಜಿಎಂ ಎಲೈಸಾಗೆ (ರೋಗಾಣುವಿನ ವಿರುದ್ಧ ದೇಹ ಮಾಡಿದ ಪ್ರತಿಕಾಯ ಹುಡುಕುವ ಪರೀಕ್ಷೆ) ರಕ್ತ ಕಳಿಸಿ, ಫಲಿತಾಂಶಕ್ಕೆ ಕಾಯದೆ ಡಾಕ್ಸಿಸೈಕ್ಲಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಶುರುಮಾಡಿದರು. ಎರಡನೆಯ ದಿನ ಜ್ವರ ಇಳಿಯಿತು. ಸೆಫಲೋಸ್ಪೋರಿನ್ ಹೊಡೆಯುವುದು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸಕ್ಕೆ. ಓರಿಯೆಂಟಿಯಾ ಅಂಥ ಗಟ್ಟಿ ಗೋಡೆಯನ್ನು ನೆಚ್ಚಿಕೊಂಡಿಲ್ಲ. ಡಾಕ್ಸಿಸೈಕ್ಲಿನ್ ನಮ್ಮ ಕೋಶದೊಳಗೂ ನುಗ್ಗಿ ಬ್ಯಾಕ್ಟೀರಿಯಾದ ರೈಬೋಸೋಮ್ ನಿಲ್ಲಿಸುತ್ತದೆ. ಕೋಶದಲ್ಲಿ ಏನಿದೆ, ಏನಿಲ್ಲ ಎನ್ನುವ ಪಾಠ ಪರೀಕ್ಷೆಗೆ ಮಾತ್ರ ಎಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಬೆಳೆಯದಿರಲು ಇನ್ನೂ ಸರಳ ಕಾರಣಗಳಿವೆ. ಔಷಧಿ ಅಂಗಡಿಯಿಂದ ಎರಡು ಆಂಟಿಬಯಾಟಿಕ್ ಮಾತ್ರೆ ನುಂಗಿ ಬಂದಿದ್ದರೆ ರಕ್ತದಲ್ಲಿ ಅಳಿದುಳಿದ ಬ್ಯಾಕ್ಟೀರಿಯಾವೂ ಬಾಟಲಿಯಲ್ಲಿ ತಲೆ ಎತ್ತುವುದಿಲ್ಲ. ರಕ್ತ ಸಾಕಷ್ಟು ತೆಗೆಯದಿರುವುದು ಇನ್ನೊಂದು. ದೊಡ್ಡವರಲ್ಲಿ ಒಂದು ಮಿಲಿಲೀಟರ್ ರಕ್ತಕ್ಕೆ ಒಂದೇ ಒಂದು ಬ್ಯಾಕ್ಟೀರಿಯಾ ಸಿಗದೆ ಇರಬಹುದು, ಅದಕ್ಕೇ ಬಾಟಲಿಗೆ 8ರಿಂದ 10 ಮಿಲಿಲೀಟರ್ ಬೇಕೆನ್ನುವುದು. ಕ್ಷಯದ ಬ್ಯಾಕ್ಟೀರಿಯಾ ಎರಡಾಗಲು 15ರಿಂದ 20 ಗಂಟೆ ತೆಗೆದುಕೊಳ್ಳುತ್ತದೆ. ನಾವು ರಕ್ತದ ಬಾಟಲಿಯನ್ನು ಕಾಯುವುದು 5 ದಿನ, ಕ್ಷಯಕ್ಕೆ ಬೇರೆ ಆಹಾರದ ಮೇಲೆ ವಾರಗಟ್ಟಲೆ ಕಾಯಬೇಕು. ಗದ್ದೆ ನೀರಿನಿಂದ ಬರುವ ಇಲಿಜ್ವರದ ಲೆಪ್ಟೋಸ್ಪೈರಾಕ್ಕೂ ಬೇರೆಯೇ ಆಹಾರ, ವಾರಗಳ ಕಾಯುವಿಕೆ.

ವೈರಸ್ ಎಂಬ ಅನುಮಾನವಿದ್ದರೆ ಬೆಳೆಸುವ ಗೋಜಿಗೇ ಹೋಗುವುದಿಲ್ಲ, ಅದರ ಬರಹವನ್ನು ಹುಡುಕುತ್ತೇವೆ. ನಮ್ಮ ಕಡೆ ಇದಕ್ಕೆ ಹತ್ತಿರದ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪತ್ತೆಹಚ್ಚಿದ ವೈರಸ್ ಅದು. ಉಣುಗು ಕಚ್ಚಿ ಹರಡುತ್ತದೆ. ಮಂಗನಿಂದ ಮನುಷ್ಯನಿಗೆ ನೇರವಾಗಿ ಬರುತ್ತದೆ ಎಂಬ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಅದರ ಇಡೀ ಬರಹ ಆರ್‌ಎನ್‌ಎಯ ಸುಮಾರು 11,000 ಅಕ್ಷರ. ಮನುಷ್ಯನದ್ದು 300 ಕೋಟಿ. ಆರ್‌ಎನ್‌ಎಯನ್ನು ಡಿಎನ್ಎಯಾಗಿ ನಕಲು ಮಾಡಿ, ಆ ವೈರಸ್‌ಗೇ ಸೇರಿದ ಒಂದು ತುಣುಕನ್ನು ಪಿಸಿಆರ್ ಯಂತ್ರ ಮತ್ತೆ ಮತ್ತೆ ಇಮ್ಮಡಿಸುತ್ತದೆ. 30 ಸಲ ಇಮ್ಮಡಿಸಿದರೆ ಒಂದು ತುಣುಕು ಲೆಕ್ಕದ ಪ್ರಕಾರ ನೂರು ಕೋಟಿ ದಾಟುತ್ತದೆ.

ಇಲ್ಲಿಯೂ ‘ನೆಗೆಟಿವ್’ ಎಂದು ಬಂದರೆ ಕಥೆ ಅದೇ. ವೈರಸ್ ರಕ್ತದಲ್ಲಿ ಹೇರಳವಾಗಿರುವುದು ಜ್ವರದ ಮೊದಲ ದಿನಗಳಲ್ಲಿ. ಆಮೇಲೆ ಅದು ಕಡಿಮೆಯಾಗುತ್ತಾ ನಮ್ಮ ದೇಹ ಮಾಡಿದ ಐಜಿಎಂ ಪ್ರತಿಕಾಯ ಏರುತ್ತದೆ. ಮಂಗನ ಕಾಯಿಲೆ ಕೆಲವರಲ್ಲಿ ಒಮ್ಮೆ ಬಿಟ್ಟು, ಒಂದೆರಡು ವಾರದ ನಂತರ ತಲೆನೋವು, ಕತ್ತು ಬಿಗಿತದೊಂದಿಗೆ ಮರಳುತ್ತದೆ. ಆಗ ಪಿಸಿಆರ್ ಮಾತ್ರ ಮಾಡಿಸಿ ಇಲ್ಲ ಎಂದರೆ ಆಗುವುದಿಲ್ಲ. ಹಾಗಾಗಿ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಐಸ್ ಪೆಟ್ಟಿಗೆ ಕಟ್ಟುವ ಮೊದಲು ನಾನು ನೋಡುವುದು ಜ್ವರ ಶುರುವಾದ ತಾರೀಕನ್ನು. ಬಹಳಷ್ಟು ಅರ್ಜಿಗಳಲ್ಲಿ ‘ಜ್ವರ’ ಎಂಬ ಒಂದೇ ಪದವಿರುತ್ತದೆ. ಆ ಒಂದು ಪದದಿಂದ ಯಾವ ಪರೀಕ್ಷೆ ಎಂದು ತೀರ್ಮಾನಿಸಲು ಆಗುವುದಿಲ್ಲ.

ಪಾಸಿಟಿವ್ ಬಂದಾಗಲೂ ಎಚ್ಚರ ಬೇಕು. ಜೀನ್ ಸಿಕ್ಕಿತೆಂದರೆ ಜೀವ ಇದೆ ಎಂದಲ್ಲ. ಸಿಬಿ-ನ್ಯಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಕ್ಷಯದ ಡಿಎನ್ಎಯನ್ನೂ, ರಿಫಾಂಪಿಸಿನ್ ಎಂಬ ಕ್ಷಯದ ಔಷಧಿಗೆ ಬಗ್ಗದಂತೆ ಮಾಡುವ ಜೀನ್ ಬದಲಾವಣೆಯನ್ನೂ ತೋರಿಸಿಬಿಡುತ್ತದೆ. ಬಹಳ ಒಳ್ಳೆಯ ಯಂತ್ರ. ಆದರೆ ಚಿಕಿತ್ಸೆ ಮುಗಿಯುವ ಹೊತ್ತಿಗೆ ಸತ್ತ ಬ್ಯಾಕ್ಟೀರಿಯಾದ ಡಿಎನ್ಎ ಕಫದಲ್ಲಿ ಉಳಿದಿದ್ದರೂ ಅದು ಪಾಸಿಟಿವ್ ಎನ್ನಬಲ್ಲದು. ವಾಸಿಯಾಯಿತೇ ಎಂದು ನೋಡಲು ಕಫದ ಸ್ಮಿಯರ್ (ಗಾಜಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮತ್ತು ಕಲ್ಚರ್‌ಗೇ ಮರಳಬೇಕು. ಆ ಹಳೆಯ ಪ್ಲೇಟನ್ನು ಮೂಲೆಗೆ ತಳ್ಳುವ ಕಾಲ ಬಂದಿಲ್ಲ ಎಂದು ನಾನು ವಾದಿಸುವುದು ಇದಕ್ಕಾಗಿಯೇ. ಯಾವ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎನ್ನುವುದನ್ನೂ ಇಂದಿಗೂ ಹೆಚ್ಚಾಗಿ ಪ್ಲೇಟಿನ ಮೇಲೆ ಔಷಧಿ ಹೀರಿದ ಕಾಗದದ ಬಿಲ್ಲೆ ಇಟ್ಟು, ಸುತ್ತ ಬೆಳೆಯದೆ ಉಳಿದ ವೃತ್ತವನ್ನು ಮಿಲಿಮೀಟರ್‌ನಲ್ಲಿ ಅಳೆದೇ ಹೇಳುತ್ತೇವೆ. ಔಷಧಿಯನ್ನು ಮಣಿಸುವ ಜೀನ್ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರದ ಮೇಲೆ ಕುಳಿತು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಗೂ ದಾಟುತ್ತದೆ. ಹೋದ ಸಲ ಗುಣವಾದ ಮಾತ್ರೆಯ ಚೀಟಿಯನ್ನೇ ಹಿಡಿದು ಮತ್ತೆ ಅಂಗಡಿಗೆ ಹೋಗುವವರು ಇದನ್ನು ಕೇಳಿಸಿಕೊಳ್ಳಬೇಕು.

ಈಗ ನಮ್ಮ ವಿಭಾಗದ ಅರ್ಜಿಯಲ್ಲಿ ಮೂರು ಕಾಲಂ ಸೇರಿಸಿದ್ದೇವೆ: ಜ್ವರ ಬಂದ ತಾರೀಕು, ಈಗಾಗಲೇ ತೆಗೆದುಕೊಂಡ ಔಷಧಿ, ಮಾಡುವ ಕೆಲಸ ಮತ್ತು ಇತ್ತೀಚೆಗೆ ಹೋದ ಜಾಗ. ಕಾಡಿಗೆ ದರಗು ತರಲು ಹೋಗಿದ್ದರು, ಗದ್ದೆಯಲ್ಲಿ ನಿಂತಿದ್ದರು, ಬೆಂಗಳೂರಿನಿಂದ ನಿನ್ನೆ ಬಂದರು ಎನ್ನುವುದೆಲ್ಲ ನಮಗೆ ರಕ್ತದಷ್ಟೇ ಮುಖ್ಯ. ಕಾಲಂ ಖಾಲಿ ಬಿಟ್ಟು ಕಳಿಸಿದರೆ ಸ್ಯಾಂಪಲ್ ತಿರಸ್ಕರಿಸುವುದಿಲ್ಲ, ವಾರ್ಡಿಗೆ ಫೋನ್ ಮಾಡುತ್ತೇವೆ. ಕೆಲವು ಕಿರಿಯ ಡಾಕ್ಟರುಗಳು ಸಿಡುಕುತ್ತಾರೆ. ಸಿಸ್ಟರ್‌ಗಳು ಮಾತ್ರ ಫೋನ್ ಇಡದೆ ರೋಗಿಯ ಹತ್ತಿರ ಹೋಗಿ, “ಅಮ್ಮಾ, ಜ್ವರ ಬಂದದ್ದು ಸೋಮವಾರವೋ ಮಂಗಳವಾರವೋ?” ಎಂದು ಕೇಳಿಯೇ ಹೇಳುತ್ತಾರೆ. ಅಷ್ಟು ಸಿಕ್ಕರೆ ಪಿಸಿಆರ್ ಟ್ಯೂಬಿಗೋ ಎಲೈಸಾಗೋ ಎಂದು ಚೀಟಿ ಅಂಟಿಸಿ ನಮ್ಮ ಕೆಲಸಕ್ಕೆ ಹೊರಡುತ್ತೇವೆ.