ನಾರು ಯಾವ ಕಡೆಗಿದೆ?

ಚಿತ್ರಕಲೆಯ ಕೊಠಡಿಗೆ ಮೊದಲ ದಿನ ಹೋದಾಗ ಮೇಷ್ಟ್ರು ನನ್ನ ಹೆಸರು ಕೇಳಲಿಲ್ಲ. ಕೈಗೊಂದು ದಪ್ಪನೆಯ ಬಿಳಿ ಹಾಳೆ ಕೊಟ್ಟು, "ಇದರ ನಾರು ಯಾವ ಕಡೆಗಿದೆ, ಹೇಳಮ್ಮ" ಅಂದರು. ಕಾಗದಕ್ಕೆ ನಾರಿನ ದಿಕ್ಕು ಎಂಬುದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಹಾಳೆಯನ್ನು ಅವರೇ ತೆಗೆದುಕೊಂಡು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿದರು. ಒಂದು ಕಡೆ ಹೇಳಿದಂತೆ ಕೇಳಿತು. ಇನ್ನೊಂದು ಕಡೆ ಬೆರಳನ್ನೇ ತಳ್ಳಿತು. ಯಂತ್ರದಲ್ಲಿ ಕಾಗದ ತಯಾರಾಗುವಾಗ ಹೆಚ್ಚಿನ ನಾರುಗಳು ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿನ ಗುಂಟ ಮಡಿಸಿದರೆ ಅಂಚು ಸಲೀಸಾಗಿ ಬರುತ್ತದೆ, ಅಡ್ಡಕ್ಕೆ ಮಡಿಸಿದರೆ ದಪ್ಪ ಹಾಳೆ ಬಿರಿಯುತ್ತದೆ.

ಮೇಷ್ಟ್ರು ಕಾಗದದ ಶಿಲ್ಪಿ. ಮಾಡಿದ ಶಿಲ್ಪವನ್ನು ತೀರ ಹತ್ತಿರದಿಂದ ಫೋಟೋ ತೆಗೆಯುತ್ತಿದ್ದರು. ಎರಡೂ ಬೇರೆ ಬೇರೆ ಕಲೆ ಎಂದುಕೊಂಡಿದ್ದ ನನಗೆ ಅವುಗಳ ನಂಟು ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಮೊದಲ ವರ್ಷ ಬಣ್ಣವನ್ನು ಮುಟ್ಟಲು ಬಿಡಲಿಲ್ಲ. ಬಿಳಿ ಹಾಳೆ, ಕಟ್ಟರ್, ಸ್ಟೀಲ್ ಸ್ಕೇಲ್, ಇಂಕು ಮುಗಿದ ಒಂದು ಬಾಲ್‌ಪೆನ್, ಇಷ್ಟೇ. ಆ ಖಾಲಿ ಪೆನ್ನಿನಿಂದ ಹಾಳೆಯ ಮೇಲೆ ಗೆರೆ ಒತ್ತಿ, ಆಮೇಲೆ ಮಡಿಸಬೇಕು. ನೇರ ಗೆರೆ ಬೇಗ ಕೈಗೆ ಬಂತು. ಬಾಗಿದ ಗೆರೆಯನ್ನು ಒತ್ತಿ ಮಡಿಸಿದ ದಿನ ಮಾತ್ರ ನಾನು ಮರೆಯಲಾರೆ: ಚಪ್ಪಟೆ ಹಾಳೆ ತಾನಾಗಿಯೇ ಮೇಲೆದ್ದು ಚಿಪ್ಪಿನಂತೆ ನಿಂತಿತು. ಅಂಟಿಲ್ಲ, ಆಧಾರವಿಲ್ಲ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1920ರ ದಶಕದಲ್ಲಿ ಜೋಸೆಫ್ ಆಲ್ಬರ್ಸ್ ಹೊಸ ವಿದ್ಯಾರ್ಥಿಗಳಿಗೆ ಬರಿಯ ಕಾಗದ ಕೊಟ್ಟು, ಚೂರೂ ದಂಡವಾಗದಂತೆ ರೂಪ ಹುಡುಕಲು ಹೇಳುತ್ತಿದ್ದರೆಂದು ಮೇಷ್ಟ್ರು ತಿಳಿಸಿದ್ದು ಅವತ್ತೇ. ನಮ್ಮ ಕಸದ ಬುಟ್ಟಿಯನ್ನು ಅವರು ದಿನಾ ಯಾಕೆ ಇಣುಕಿ ನೋಡುತ್ತಿದ್ದರು ಎಂಬುದು ಆಗ ಹೊಳೆಯಿತು.

ಎರಡನೆಯ ವರ್ಷ ಕ್ಯಾಮೆರಾ ಬಂತು. ಹಳೆಯ ಫಿಲ್ಮ್ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಎರಡರ ನಡುವೆ ಲೆನ್ಸನ್ನು ಮುಂದಕ್ಕೆ ಸರಿಸುವ ಟೊಳ್ಳು ಕೊಳವೆ, ಅಂದರೆ 50 ಮಿ.ಮೀ. ಎಕ್ಸ್‌ಟೆನ್ಷನ್ ಟ್ಯೂಬ್. ಹಾಗೆ ಜೋಡಿಸಿದರೆ ವಸ್ತು ಇದ್ದಷ್ಟೇ ದೊಡ್ಡದಾಗಿ ಫಿಲ್ಮಿನ ಮೇಲೆ ಮೂಡುತ್ತದೆ. ಆದರೆ ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಕಿರಿದಾಗಿಸಿದರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಮಿಲಿಮೀಟರ್, ಅಷ್ಟೇ. ಬೆಳಕೂ ಕಾಲು ಭಾಗಕ್ಕೆ ಇಳಿಯುತ್ತದೆ, ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಕಾಗದದ ತುದಿ ಅಷ್ಟಕ್ಕೇ ನಡುಗುತ್ತದೆ.

ನನ್ನ ಮೊದಲ ರೀಲು ಪೂರ್ತಿ ಬೂದಿ ಬಣ್ಣಕ್ಕೆ ಬಂದಿತ್ತು. ಹಾಲುಬಿಳುಪಿನ ಹಾಳೆ ಮಾಸಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಪಕ್ಕದಲ್ಲಿ ಕೂತು ವಿವರಿಸಿದರು: ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಬಿಳಿ ಯಾವುದು, ಕಪ್ಪು ಯಾವುದು ಎಂದು ತಿಳಿಯದು. ಎದುರಿಗಿದ್ದದ್ದನ್ನೆಲ್ಲ ಅದು ನಡುವಣ ಬೂದಿ ಎಂದೇ ಲೆಕ್ಕ ಹಾಕುತ್ತದೆ. ಬಿಳಿಯನ್ನು ಬಿಳಿಯಾಗಿ ಉಳಿಸಬೇಕಾದರೆ ಮೀಟರ್ ಹೇಳಿದ್ದಕ್ಕಿಂತ ಒಂದೂವರೆ ಸ್ಟಾಪ್ ಹೆಚ್ಚು, ಅಂದರೆ ಹತ್ತಿರ ಹತ್ತಿರ ಮೂರರಷ್ಟು ಬೆಳಕು ಕೊಡಬೇಕು. ಇನ್ನು ಬೆಳಕು ಎದುರಿನಿಂದ ಬಿದ್ದರೆ ಮಡಿಕೆಗಳೆಲ್ಲ ಅಳಿಸಿಹೋಗುತ್ತವೆ. ಒಂದೇ ದೀಪವನ್ನು ಪಕ್ಕಕ್ಕೆ, ಹಾಳೆಯ ಮಟ್ಟಕ್ಕೇ ಇಳಿಸಿಟ್ಟರೆ ನೆರಳು ತಾನೇ ರೂಪ ಬಿಡಿಸುತ್ತದೆ.

ಅವರು ಫೋಟೋ ತೆಗೆಯುತ್ತಿದ್ದದ್ದು ಶಿಲ್ಪ ಚೆಂದ ಕಾಣಲಿ ಎಂದಲ್ಲ. ದೊಡ್ಡದು ಮಾಡಿಸಿದ ಪ್ರಿಂಟನ್ನು ಕಿಟಕಿಯ ಬಳಿ ಹಿಡಿದು, ಮೊಂಡು ಬ್ಲೇಡು ಬಿಟ್ಟ ಜುಂಗನ್ನು, ಎರಡು ಬಾರಿ ಒತ್ತಿದ ಗೆರೆಯನ್ನು ಹುಡುಕುತ್ತಿದ್ದರು. ಸಿಕ್ಕರೆ ಮತ್ತೆ ಹೊಸ ಹಾಳೆ, ಹೊಸ ಬ್ಲೇಡು. ಒಂದೇ ಚಿಪ್ಪನ್ನು ಹೀಗೆ ಏಳು ಸಲ ಕತ್ತರಿಸಿದ್ದನ್ನು ನಾನು ನೋಡಿದ್ದೇನೆ. ಗಿಡಗಳ ಮೊಗ್ಗು, ಬಳ್ಳಿಯ ಕುಡಿಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿ ತೋರಿಸಿದ ಬರ್ಲಿನ್ನಿನ ಛಾಯಾಗ್ರಾಹಕ ಕಾರ್ಲ್ ಬ್ಲಾಸ್‌ಫೆಲ್ಟ್ ಅವರ ಬಗ್ಗೆ ಮಾತಾಡುವಾಗ ಮೇಷ್ಟ್ರ ದನಿಯೇ ಬದಲಾಗುತ್ತಿತ್ತು. "ಅವರೂ ಪಾಠ ಹೇಳುವವರೇ ಕಣಮ್ಮ. ಮಕ್ಕಳು ನೋಡಲಿ ಅಂತ ತೆಗೆದ ಚಿತ್ರಗಳು ಅವು" ಅನ್ನುತ್ತಿದ್ದರು.

ಕೊನೆಯ ವರ್ಷದ ಪ್ರದರ್ಶನಕ್ಕೆ ನಾನು ದೊಡ್ಡದೊಂದು ಸುರುಳಿ ಮಾಡಿದೆ. ಅವಸರದಲ್ಲಿ ಹಾಳೆಯ ದಿಕ್ಕು ನೋಡದೆ ಮಡಿಸಿದ್ದೆ. ಮುಖ್ಯ ಮಡಿಕೆ ಉದ್ದಕ್ಕೂ ಬಿರಿಯಿತು. ಬಿಸಾಡಲು ಹೊರಟವಳನ್ನು ಮೇಷ್ಟ್ರು ತಡೆದರು. "ಬಿರುಕಿನ ಮೇಲೆ ಫೋಕಸ್ ಮಾಡು" ಅಂದರು, ಇನ್ನೇನೂ ಹೇಳಲಿಲ್ಲ. ಪ್ರಿಂಟು ಬಂದಾಗ ಬಿರುಕಿನ ಈ ದಡದಿಂದ ಆ ದಡಕ್ಕೆ ಚಾಚಿದ ನಾರುಗಳು ಒಂದೊಂದಾಗಿ ಕಾಣುತ್ತಿದ್ದವು. ಕೆಲವು ಹರಿದಿದ್ದವು, ಕೆಲವು ಇನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದವು. ಎಲ್ಲವೂ ಒಂದೇ ದಿಕ್ಕಿಗೆ.

ಪ್ರದರ್ಶನದಲ್ಲಿ ಆ ಚಿತ್ರವನ್ನು ತೂಗುಹಾಕಲಿಲ್ಲ. ಮೇಷ್ಟ್ರು ಅದನ್ನು ಕೇಳಿ ಪಡೆದುಕೊಂಡರು. ಮರುವರ್ಷ ಟಿ.ಸಿ. ಪಡೆಯಲು ಕಾಲೇಜಿಗೆ ಹೋದಾಗ ಚಿತ್ರಕಲೆಯ ಕೊಠಡಿಯ ಬಾಗಿಲು ತೆರೆದಿತ್ತು. ಹೊಸ ಮಕ್ಕಳ ಮುಂದೆ ಮೇಜಿನ ಮೇಲೆ ನನ್ನ ಬಿರುಕಿನ ಚಿತ್ರ. ಮೇಷ್ಟ್ರು ಅದೇ ಪ್ರಶ್ನೆ ಕೇಳುತ್ತಿದ್ದರು. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು, ಚಿತ್ರದ ಮೇಲೆ ಬಿರುಕಿಗೆ ಅಡ್ಡವಾಗಿ ಬೆರಳು ಎಳೆದು, "ಈ ಕಡೆಗೆ ಸಾರ್" ಅಂದ.