ನಾಮಿನಿ ಕಾಲಂನಲ್ಲಿ ಅಮ್ಮ

ನಿವೃತ್ತಿಯಾಗಿ ನಾಲ್ಕು ತಿಂಗಳ ಮೇಲೆ ಕಪಾಟು ಚೊಕ್ಕ ಮಾಡುವಾಗ ನನ್ನದೇ ಒಂದು ನಿರಖು ಠೇವಣಿ ಪತ್ರ ಸಿಕ್ಕಿತು. ನಾಮಿನಿ ಕಾಲಂನಲ್ಲಿ ಅಮ್ಮನ ಹೆಸರು. ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಕ್ಷರ ನನ್ನದು, ಮೊಹರು ಒತ್ತಿದ ಕೈಯೂ ನನ್ನದೇ. ಮೂವತ್ತೊಂದು ವರ್ಷ ಸಹಕಾರ ಸಂಘದ ಕೌಂಟರಿನಲ್ಲಿ ಕುಳಿತು ಊರವರನ್ನೆಲ್ಲ ‘ನಾಮಿನಿ ಯಾರು?’ ಎಂದು ಕೇಳಿದವಳು ನಾನು. ಖಾತೆ ತೆರೆಯುವ ದಿನ ಕೇಳುತ್ತಿದ್ದೆ, ಮತ್ತೆಂದೂ ಕೇಳಲಿಲ್ಲ.

ನಮ್ಮದು ಪುತ್ತೂರಿನ ಕಡೆಯ ಸಣ್ಣ ಪೇಟೆ. ಸಹಕಾರದ ವಿಷಯದಲ್ಲಿ ನಮ್ಮವರಿಗೆ ತುಸು ಜಂಬವೇ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು, 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಆರಂಭಿಸಿದರು ಎಂದು ಹೇಳದೆ ಯಾವ ಮಹಾಸಭೆಯ ಸ್ವಾಗತ ಭಾಷಣವೂ ಮುಗಿಯುವುದಿಲ್ಲ. ನಾನು ಮಾತ್ರ ಭಾಷಣಕ್ಕಿಂತ ಲೆಡ್ಜರನ್ನು ನಂಬಿದವಳು. ಓದಲು ಬರುವವರಿಗೆ ಲೆಡ್ಜರಿನಲ್ಲಿ ಊರಿನ ಜಾತಕವೇ ಇರುತ್ತದೆ.

ಆಭರಣ ಸಾಲದ ಪುಸ್ತಕವನ್ನೇ ನೋಡಿ. ಜೂನ್ ಬಂತೆಂದರೆ ತಿಜೋರಿ ತುಂಬುತ್ತದೆ. ಮಕ್ಕಳ ಶಾಲೆ, ಕಾಲೇಜಿನ ಶುಲ್ಕ, ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ ಖರ್ಚು, ಸೋರುವ ಮಾಡಿಗೆ ಟಾರ್ಪಾಲು, ಎಲ್ಲವೂ ಒಂದೇ ತಿಂಗಳಲ್ಲಿ ಬಂದು ಬೀಳುತ್ತವೆ. ಹೊಸ ಅಡಿಕೆ ಅಂಗಳಕ್ಕೆ ಬೀಳುವುದು ಮಳೆ ಮುಗಿದ ಮೇಲೆ, ಅದು ಒಣಗಿ ಚಾಲಿಯಾಗುವುದು ಇನ್ನೂ ತಡ. ನಡುವಿನ ತಿಂಗಳುಗಳನ್ನು ಹೆಂಗಸರ ಕತ್ತಿನ ಸರ ದಾಟಿಸುತ್ತದೆ. ಮದುವೆಯ ಕಾಲಕ್ಕೆ ಅದೇ ಸರ ಬಿಡುಗಡೆಯಾಗಿ ನಾಲ್ಕು ಮದುವೆ ಉಂಡು ಮತ್ತೆ ಜೂನ್‌ಗೆ ವಾಪಸು ಬರುತ್ತದೆ. ಕೆಲವು ಸರಗಳ ಕೊಂಡಿ ಯಾವ ಕಡೆ ಸವೆದಿದೆ ಎಂಬುದೂ ನನಗೆ ಗೊತ್ತಿತ್ತು. ಜೂನ್‌ನಲ್ಲಿ ಕೊಟ್ಟು ಅಡಿಕೆ ಮಾರಿದ ಮೇಲೆ ಕಟ್ಟಿಸಿಕೊಳ್ಳುವ ಒಂದು ಸಣ್ಣ ಶಾಲಾ ಸಾಲ ಇದ್ದರೆ ಸರ ಕತ್ತಿನಲ್ಲೇ ಉಳಿಯುತ್ತಿತ್ತು. ಇಷ್ಟು ವರ್ಷ ಆ ಪುಸ್ತಕ ಬರೆದ ನನಗೂ ಅದನ್ನು ಕಾರ್ಯದರ್ಶಿಗಳ ಮುಂದೆ ಹೇಳಬೇಕೆಂದು ಹೊಳೆಯಲಿಲ್ಲ.

ಬೆಳೆಸಾಲದ್ದು ಇನ್ನೊಂದು ನಾಟಕ. ಗಡುವಿನೊಳಗೆ ಕಟ್ಟಿದರೆ ಮಾತ್ರ ಶೂನ್ಯ ಬಡ್ಡಿ. ಆದ್ದರಿಂದ ಮಾರ್ಚ್ ಕೊನೆಯಲ್ಲಿ ಎಲ್ಲಿಂದಲೋ ಕೈಸಾಲ ತಂದು ಕಟ್ಟುವುದು, ಎರಡು ದಿನ ಬಿಟ್ಟು ಹೊಸ ಸಾಲ ತೆಗೆದು ಕೈಸಾಲ ತೀರಿಸುವುದು. ಆ ಎರಡು ದಿನದ ಬಡ್ಡಿ ಎಷ್ಟೆಂದು ಕೇಳಬೇಡಿ. ವಾರ್ಷಿಕ ವರದಿಯಲ್ಲಿ ವಸೂಲಾತಿಯ ಅಂಕಿ ಮಾತ್ರ ಚೆನ್ನಾಗಿ ಅಚ್ಚಾಗುತ್ತದೆ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ನಾಮಿನಿಯ ವಿಷಯ.

ಒಬ್ಬ ಹುಡುಗ ಹತ್ತೊಂಬತ್ತರಲ್ಲಿ ಸದಸ್ಯನಾದ, ನಾಮಿನಿ ತಾಯಿ. ಇಪ್ಪತ್ತೆಂಟರಲ್ಲಿ ಮದುವೆಗೆಂದು ಸಾಲ ತೆಗೆದ. ಸಾಲದ ಅರ್ಜಿಗೆ ಮದುವೆಯ ಕಾಗದವನ್ನೇ ಪಿನ್ ಮಾಡಿದ್ದ, ಅರಿಶಿನ ಹಚ್ಚಿದ ಮೂಲೆ ಸಮೇತ. ಜಾಮೀನುದಾರರಿಬ್ಬರ ಸಹಿ ಕೇಳಿದೆವು, ಪಹಣಿ ಕೇಳಿದೆವು. ನಾಮಿನಿ ಬದಲಾಯಿಸುತ್ತೀಯಾ ಎಂದು ಕೇಳಲಿಲ್ಲ. ಕೆಲವು ವರ್ಷಗಳ ಮೇಲೆ ತಾಯಿ ಹೋದರು, ಆಮೇಲೆ ಒಂದು ಮಳೆಗಾಲದಲ್ಲಿ ಅವನೂ ಹೋದ. ಸಂಘದಿಂದ ಹೂಹಾರ ಹೋಯಿತು. ಹದಿಮೂರು ದಿನ ಕಳೆದು ಅವನ ಹೆಂಡತಿ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ಕೌಂಟರಿನ ಮೇಲಿಟ್ಟಳು. ಚೀಲದಿಂದ ನೀರು ಒಸರುತ್ತಿತ್ತು, ಒಳಗೆ ಪುಸ್ತಕ ಒಣಗಿತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಒಪ್ಪಿಗೆ ಪತ್ರ ತರಲು ಹೇಳಿದೆ. ಅವಳು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ‘ಇದರಲ್ಲಿ ಮೊದಲು ಯಾವುದು?’ ಎಂದಳು. ಮೈದುನ ಒಪ್ಪಿಗೆಗೆ ಸಹಿ ಹಾಕಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಗಿ ಹಣ ಕೈಗೆ ಬರುವಾಗ ಎರಡನೆಯ ಮಳೆಗಾಲ. ಹಾಗೆಂದು ನಾಮಿನಿಯೇ ಹಣದ ಒಡೆಯನಲ್ಲ, ವಾರಸುದಾರರ ಹಕ್ಕು ಬೇರೆ. ಆದರೂ ಫಾರಂನಲ್ಲಿ ಅವಳ ಹೆಸರಿದ್ದರೆ ಆ ಚೀಟಿ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ವಿಚಿತ್ರವೆಂದರೆ ಸಂಘಕ್ಕೆ ಯಾವುದೂ ಗೊತ್ತಿಲ್ಲದ್ದಲ್ಲ. ನಮ್ಮ ಪಿಗ್ಮಿ ಸಂಗ್ರಾಹಕರು, ಅಂದರೆ ದಿನದ ಸಣ್ಣ ಉಳಿತಾಯ ಕೂಡಿಸುವವರು, ದಿನವೂ ಮನೆ ಮನೆ, ಅಂಗಡಿ ಅಂಗಡಿ ಸುತ್ತುವವರು. ಈ ಪಿಗ್ಮಿಯೂ ನಮ್ಮ ಕರಾವಳಿಯದ್ದೇ, 1928ರಲ್ಲಿ ಉಡುಪಿಯಲ್ಲಿ ದಿನಕ್ಕೆರಡಾಣೆಯಿಂದ ಶುರುವಾದದ್ದು. ಯಾರ ಮನೆಯಲ್ಲಿ ಬಾಣಂತನ, ಯಾರಿಗೆ ಡಯಾಲಿಸಿಸ್, ಯಾರ ಮಗ ಬೆಂಗಳೂರಿಗೆ ಹೋದ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ಸಂಜೆ ಕೌಂಟರಿಗೆ ಬಂದು ಚಹಾ ಕುಡಿಯುತ್ತ ನಮಗೂ ಹೇಳುತ್ತಿದ್ದರು. ನಾವು ಅಯ್ಯೋ ಪಾಪ ಎನ್ನುತ್ತಿದ್ದೆವು, ಹಣ ಎಣಿಸುತ್ತಿದ್ದೆವು.

ನಾನೇ ಮಾಡಿದ ಒಂದು ತಪ್ಪನ್ನೂ ಬರೆದುಬಿಡುತ್ತೇನೆ. ಕೈ ನಡುಗುವ ಒಬ್ಬ ಹಿರಿಯರ ಸಹಿ 1987ರ ಮಾದರಿ ಸಹಿಗೆ ಹೊಂದಲಿಲ್ಲವೆಂದು ಮೂರು ಸಲ ಬರೆಸಿ, ನಾಳೆ ಬನ್ನಿ ಎಂದು ಕಳುಹಿಸಿದೆ. ಚಿಕ್ಕಂದಿನಲ್ಲಿ ಅವರ ಅಂಗಡಿಯ ಶುಂಠಿ ಪೆಪ್ಪರಮಿಂಟು ತಿಂದು ಬೆಳೆದವಳು ನಾನು. ಮುಖ ನೋಡಿ ಗುರುತಿಸಬಹುದು ಎಂಬುದೇ ಸಣ್ಣ ಸಂಘದ ದೊಡ್ಡ ಬಲ, ಆ ದಿನ ನನಗೆ ಮುಖ ಕಾಣಲಿಲ್ಲ. ಅರವತ್ತೈದು ದಾಟಿದವರಿಂದ ಹೊಸ ಮಾದರಿ ಸಹಿ ಪಡೆಯಲು ಒಂದು ಕಾಗದ ಸಾಕು.

ಊರು ಬಿಟ್ಟ ಮಕ್ಕಳನ್ನಂತೂ ನಾವು ಲೆಕ್ಕಕ್ಕೇ ಇಟ್ಟವರಲ್ಲ. ಅಪ್ಪನ ಠೇವಣಿ ಕೈಗೆ ಬಂದ ದಿನವೇ ಅವರು ಅದನ್ನು ನಗರದ ಬ್ಯಾಂಕಿಗೆ ಕಳುಹಿಸುತ್ತಾರೆ. ಅವರನ್ನು ದೂರುವುದು ಹೇಗೆ? ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ನಮ್ಮಂಥ ಪತ್ತಿನ ಸಂಘಕ್ಕೆ ಅದಿಲ್ಲ. ನಮ್ಮಲ್ಲಿರುವುದು ಪರಿಚಯ. ಮಕ್ಕಳಿಗೆ ಆ ಪರಿಚಯವೇ ಆಗದಂತೆ ನೋಡಿಕೊಂಡವರೂ ನಾವೇ.

ಒಂದು ಕೆಲಸವನ್ನು ಮಾತ್ರ ಚೆನ್ನಾಗಿ ಮಾಡಿದೆವು. ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿ 2003ರಲ್ಲಿ ಬಂದು, 2018ರಲ್ಲಿ ನಿಂತು, ಮತ್ತೆ ಆರಂಭವಾದಾಗ ಪಿಗ್ಮಿಯವರ ಕೈಯಲ್ಲೇ ಅರ್ಜಿ ಕೊಟ್ಟು ಕಳುಹಿಸಿದೆವು. ಗಡುವಿಗೆ ಮೊದಲೇ ಹೆಚ್ಚಿನ ಮನೆಗಳು ಮುಗಿದವು. ಅದೇ ಚೀಲದಲ್ಲಿ ನಾಮಿನಿ ಫಾರಂ ಇಟ್ಟಿದ್ದರೆ ಭಾರವಾಗುತ್ತಿತ್ತೇ?

ಸೆಪ್ಟೆಂಬರಿನಲ್ಲಿ ಮಹಾಸಭೆ. ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಬಾಬ್ತು ಬರುವ ಹೊತ್ತಿಗೆ ಸದಸ್ಯರು ಊಟದ ಸಾಲಿನಲ್ಲಿರುತ್ತಾರೆ, ಅದನ್ನು ವರ್ಷ ವರ್ಷ ನೋಡಿದ್ದೇನೆ. ಆದ್ದರಿಂದ ಪ್ರತಿ ಸಾಲದ ಅರ್ಜಿಯ ಜೊತೆ ನಾಮಿನಿ ಫಾರಂ ಹೊಸದಾಗಿ ತುಂಬಿಸಬೇಕು, ಜೂನ್‌ಗೆ ಶಾಲಾ ಸಾಲ ಕೊಡಬೇಕು ಎಂದು ಕಾರ್ಯಸೂಚಿಗೆ ಸೇರಿಸಲು ನಿನ್ನೆಯೇ ಲಿಖಿತವಾಗಿ ಕೊಟ್ಟೆ. ನನ್ನ ಕುರ್ಚಿಯಲ್ಲಿ ಈಗ ಕುಳಿತಿರುವ ಹುಡುಗಿ ಸ್ವೀಕೃತಿಯ ಮೊಹರು ಒತ್ತಿ ಪ್ರತಿ ಕೊಟ್ಟಳು. ನನ್ನ ಠೇವಣಿಗೆ ನಾಮಿನಿ ಬದಲಾಯಿಸಬೇಕು ಎಂದಾಗ ಡ್ರಾಯರ್ ಎಲ್ಲ ಹುಡುಕಿ, ‘ಫಾರಂ ಮುಗಿದಿದೆ ಮೇಡಂ, ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿಕೊಂಡು ಬರುತ್ತೀರಾ?’ ಎಂದಳು. ಎರಡು ಪ್ರತಿ ಕೇಳಿ ಹೋದವಳು ಐವತ್ತು ಮಾಡಿಸಿ ಅವಳ ಮೇಜಿನ ಮೇಲಿಟ್ಟು ಬಂದೆ.